ಕೀಪಾಸ್‌ಎಕ್ಸ್‌ಸಿ: ಸಣ್ಣ ಕಚೇರಿಯ ಕಂಪ್ಯೂಟರಿಗೆ ಒಪ್ಪುವ ಪಾಸ್‌ವರ್ಡ್ ಮ್ಯಾನೇಜರ್

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ತೆರಿಗೆ ಸಲಹಾ ಕಚೇರಿಯಲ್ಲಿ ಕಿರಾಣಿ ಅಂಗಡಿಯವರಿಂದ ಹಿಡಿದು ಇಳಕಲ್ಲಿನ ಸೀರೆ ವ್ಯಾಪಾರಿಗಳವರೆಗೆ ಹಲವರ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಖಾತೆಗಳ ಪಾಸ್‌ವರ್ಡ್‌ಗಳು ನಮ್ಮ ವಶದಲ್ಲಿರುತ್ತವೆ. ನಂಬಿ ಕೊಟ್ಟ ಇಂಥ ವಿವರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದಾಗಲಿ, ಎಲ್ಲರೂ ಕೂತೆದ್ದು ಹೋಗುವ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಸುವುದಾಗಲಿ ಸರಿಯಲ್ಲವೆಂದು ಕೀಪಾಸ್‌ಎಕ್ಸ್‌ಸಿ ಹಾಕಿಸಿದೆವು.

ಇದು ಉಚಿತವಾದ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಲ್ಲ ಪಾಸ್‌ವರ್ಡ್‌ಗಳೂ ಎನ್‌ಕ್ರಿಪ್ಟ್ ಆದ (ಗೂಢಲಿಪಿಯಾಗಿ ಮಾರ್ಪಟ್ಟ) ಒಂದೇ ಫೈಲಿನಲ್ಲಿ, ನಮ್ಮದೇ ಕಂಪ್ಯೂಟರಿನಲ್ಲಿ ಇರುತ್ತವೆ. 2022ರಲ್ಲಿ, ಪಾಸ್‌ವರ್ಡ್‌ಗಳನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವ ಲಾಸ್ಟ್‌ಪಾಸ್ ಸೇವೆಯಿಂದ ಗ್ರಾಹಕರ ಪಾಸ್‌ವರ್ಡ್ ಸಂಗ್ರಹಗಳ ಬ್ಯಾಕಪ್ ಕಳುವಾದುದನ್ನು ನೆನೆದರೆ ಈ ಏರ್ಪಾಡು ನನಗೆ ಹೆಚ್ಚು ಹಿಡಿಸುತ್ತದೆ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲೂ ಫೈಲು ತೆರೆಯುತ್ತದೆ.

ಅಳವಡಿಕೆ ಸುಲಭ. ಆದರೆ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು; 2023ರಲ್ಲಿ, ಇದಕ್ಕೆ ಮೂಲ ಮಾದರಿಯಾದ ಕೀಪಾಸ್ ತಂತ್ರಾಂಶದ ಹೆಸರಿನ ನಕಲಿ ತಾಣವೊಂದು ಗೂಗಲ್ ಜಾಹೀರಾತಿನ ಮೂಲಕವೇ ಮಾಲ್‌ವೇರ್ ಹಂಚಿತ್ತು. ತೊಡಕು ಬರುವುದು ಬ್ರೌಸರಿಗೆ ಜೋಡಿಸುವಾಗ. ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿಕೊಂಡರಷ್ಟೇ ಸಾಲದು, ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್ ಜೋಡಣೆಯನ್ನು ಚಾಲೂ ಮಾಡಿ, ನಮ್ಮ ಬ್ರೌಸರನ್ನು ಗುರುತುಮಾಡಿ, ಆಮೇಲೆ ಎಕ್ಸ್‌ಟೆನ್ಷನ್ನಿನಿಂದ ಸಂಪರ್ಕ ಕೋರಬೇಕು. ಹೊಸಬರಿಗೆ ಇದನ್ನು ಪಕ್ಕದಲ್ಲಿ ಕುಳಿತು ಯಾರಾದರೂ ತೋರಿಸಿಕೊಡುವುದೇ ಒಳ್ಳೆಯದು. ಕ್ರೋಮ್‌ನಲ್ಲಿದ್ದ ಹಳೆಯ ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ (ಪಟ್ಟಿಯ ರೂಪದ ಸಾದಾ ಪಠ್ಯ) ಫೈಲಾಗಿ ತಂದು ಸೇರಿಸಬಹುದು. ಆ ಫೈಲಿನಲ್ಲಿ ಎಲ್ಲವೂ ಬಿಚ್ಚಿಟ್ಟಂತೆ ಇರುವುದರಿಂದ ಕೆಲಸ ಮುಗಿದ ಕೂಡಲೇ ಅದನ್ನು ರೀಸೈಕಲ್ ಬಿನ್ನಿನಿಂದಲೂ ಅಳಿಸತಕ್ಕದ್ದು.

ದಿನನಿತ್ಯದ ಬಳಕೆಯಲ್ಲಿ ನಾನು ಮೆಚ್ಚಿದ್ದು ಪಾಸ್‌ವರ್ಡ್ ರಚಿಸಿಕೊಡುವ ಸೌಲಭ್ಯ. ಜಿಎಸ್‌ಟಿ ಪೋರ್ಟಲ್ 8ರಿಂದ 15 ಅಕ್ಷರಗಳಷ್ಟನ್ನೇ ಒಪ್ಪುತ್ತದೆ. ಉದ್ದವನ್ನು 15ಕ್ಕೆ ಇಳಿಸಿ, ಅಂಕಿ ಮತ್ತು ಚಿಹ್ನೆಗಳನ್ನು ಆರಿಸಿಕೊಂಡರೆ ಅಂಗಡಿಯ ಹೆಸರಿನ ಮುಂದೆ 123 ಹಚ್ಚುವ ರೂಢಿ ತಪ್ಪುತ್ತದೆ. ಪ್ರತಿ ತಿಂಗಳ 20ರ ಜಿಎಸ್‌ಟಿ ರಿಟರ್ನ್ ಗಡುವಿನ ಗಡಿಬಿಡಿಯಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಗುವಾಗ ಹೆಸರು ಹುಡುಕಿ ಪಾಸ್‌ವರ್ಡ್ ಕಾಪಿ ಮಾಡಿದರಾಯಿತು, ಸ್ವಲ್ಪ ಹೊತ್ತಿನಲ್ಲೇ ಅದು ಕ್ಲಿಪ್‌ಬೋರ್ಡಿನಿಂದ ತಾನಾಗಿ ಅಳಿದುಹೋಗುತ್ತದೆ.

ಈ ಫೈಲನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಕೊಡುವವರು ಯಾರೂ ಇಲ್ಲ. ಆದ್ದರಿಂದ ಅದನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಕಚೇರಿಯ ಹಿರಿಯರ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇವೆ. ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆ ಕಡೆ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಇದೇ ಫೈಲನ್ನು ಕೀಪಾಸ್‌ಡಿಎಕ್ಸ್ ಎಂಬ ಆ್ಯಪ್ ತೆರೆಯುತ್ತದೆಯಾದರೂ ಎರಡೂ ಕಡೆಯ ಫೈಲು ಒಂದೇ ಆಗಿರುವಂತೆ ನಾವೇ ನೋಡಿಕೊಳ್ಳಬೇಕು. ಫೋನಿನಲ್ಲೇ ಹೆಚ್ಚು ಕೆಲಸ ಮಾಡುವವರಿಗೆ ಬಿಟ್‌ವಾರ್ಡನ್‌ನಂಥ, ತಾನಾಗಿ ಸಿಂಕ್ ಆಗುವ ಸೇವೆಯೇ ಅನುಕೂಲ.