ಮಣಿಕಟ್ಟಿನ ಪಟ್ಟಿ ಅಳೆಯುವುದು ಒತ್ತಡವನ್ನೋ, ನಾಡಿಯನ್ನೋ?

ಮಾನಸಿಕ ಒತ್ತಡವನ್ನು 100ಕ್ಕೆ ಇಷ್ಟೆಂದು ತೋರಿಸುವುದಾಗಿ ಹೇಳಿಕೊಳ್ಳುವ ಪಟ್ಟಿಯೊಂದನ್ನು ನಾನು ಮೂರು ತಿಂಗಳಿನಿಂದ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ. ತಂದೆಗೆ ಹೃದಯಾಘಾತವಾದ ಮೇಲೆ ಕೊಂಡದ್ದು. ಹಾಗಾಗಿ ಕುತೂಹಲಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಅಂಜಿಕೆ ಆಧಾರವಿಲ್ಲದ್ದೇನಲ್ಲ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದಿತ್ತು; ಮೊದಲ ಬಾರಿ ಹೃದಯಾಘಾತವಾದವರಲ್ಲಿ, ಹಿಂದಿನ ವರ್ಷ ಮನೆಯಲ್ಲೋ ಕೆಲಸದಲ್ಲೋ ಬಿಡದೆ ಒತ್ತಡವಿತ್ತೆಂದು ಹೇಳಿದವರ ಪಾಲು ಉಳಿದವರಿಗೆ ಹೋಲಿಸಿದರೆ ಹೆಚ್ಚಾಗಿತ್ತು. ಒತ್ತಡ ಬಂದಾಗ ಅಡ್ರಿನಲಿನ್ ಎಂಬ ಹಾರ್ಮೋನು ನಾಡಿಯನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಇದು ಗಳಿಗೆಯ ಮಾತಾದರೆ ದೇಹ ತಾಳಿಕೊಳ್ಳುತ್ತದೆ, ಆದರೆ ತಿಂಗಳುಗಟ್ಟಲೆ ಮುಂದುವರಿದರೆ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಬೀಳುತ್ತದೆ, ನಿದ್ರೆ ಕೆಡುತ್ತದೆ, ಸಿಗರೇಟು ಮತ್ತು ಅತಿಯಾದ ತಿನ್ನುವಿಕೆ ಜೊತೆಗೂಡುತ್ತವೆ.

ಇನ್ನು ಪಟ್ಟಿಯ ಕೆಲಸ. ಅದರ ಹಿಂಬದಿಯ ಹಸಿರು ದೀಪ ಚರ್ಮದೊಳಗೆ ಬೆಳಕು ಹಾಯಿಸುತ್ತದೆ. ಪ್ರತಿ ಮಿಡಿತಕ್ಕೂ ರಕ್ತ ಹೀರುವ ಬೆಳಕು ಹೆಚ್ಚುಕಡಿಮೆಯಾಗುವುದನ್ನು ಹಿಡಿದು, ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಲೆಕ್ಕ ಹಾಕುತ್ತದೆ. ಆರೋಗ್ಯವಂತ ಹೃದಯ ಗಡಿಯಾರದಂತೆ ಬಡಿಯುವುದಿಲ್ಲ. ನಿಮಿಷಕ್ಕೆ 60 ಬಾರಿ ಬಡಿಯುವಾಗಲೂ ಒಂದು ಅಂತರ 950 ಮಿಲಿಸೆಕೆಂಡ್ ಇದ್ದರೆ ಮುಂದಿನದು 1,040 ಇರಬಹುದು. ಉಸಿರು ಎಳೆದುಕೊಂಡಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಈ ಏರಿಳಿತದ ಹಿಂದಿರುವುದು ಬಹುಪಾಲು ವೇಗಸ್ ನರ, ಅಂದರೆ ಮೆದುಳಿನಿಂದ ಇಳಿದು ಬಂದು ಹೃದಯದ ಬಡಿತವನ್ನು ನಿಧಾನಿಸುವ ನರ. ಒತ್ತಡದಲ್ಲಿ ಅದರ ಹಿಡಿತ ಸಡಿಲವಾಗಿ ಏರಿಳಿತ ಕುಗ್ಗುತ್ತದೆ ಎಂಬುದೇ ಪಟ್ಟಿಯ ತರ್ಕ. ಆದರೆ ಜ್ವರ, ಮದ್ಯ, ನಿದ್ದೆಗೇಡು, ಈಗಷ್ಟೇ ಹತ್ತಿದ ಮೆಟ್ಟಿಲು, ಎಲ್ಲವೂ ಅದನ್ನು ಕುಗ್ಗಿಸುತ್ತವೆ. ಇವುಗಳನ್ನು ಬೇರ್ಪಡಿಸಿ ಅಂಕವನ್ನು ಹೇಗೆ ಕಟ್ಟುತ್ತಾರೆಂದು ಜೊತೆಗೆ ಬಂದ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ.

ಪರಿಣಾಮವನ್ನು ಎರಡು ಬೇರೆ ಬೇರೆ ದಿನ ಕಂಡೆ. ಗೆಳೆಯರ ಜೊತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ ಸಂಜೆ ಪಟ್ಟಿ ನಡುಗಿ, ಅಂಕ 81, ದೀರ್ಘವಾಗಿ ಉಸಿರಾಡಿ ಎಂದು ಬುದ್ಧಿ ಹೇಳಿತು. ವಾರದ ನಂತರ, ತಂದೆಯ ಪರೀಕ್ಷೆಯ ಫಲಿತಾಂಶಕ್ಕಾಗಿ ಆಸ್ಪತ್ರೆಯ ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದೆ. ಬಾಯಿ ಒಣಗಿತ್ತು, ಅಂಗೈ ಬೆವರಿತ್ತು. ಪಟ್ಟಿಯ ಪ್ರಕಾರ ನಾನು 24ರ ನೆಮ್ಮದಿಯಲ್ಲಿದ್ದೆ.

ಹಾಗೆಂದು ಇದನ್ನು ಆಟಿಕೆಯೆಂದು ತಳ್ಳಿಹಾಕಲಾರೆ. ಮೈ ಅಲುಗದ ರಾತ್ರಿಯಲ್ಲಿ ಅಳತೆ ಗಟ್ಟಿಯಾಗಿದೆ. ಸ್ನೇಹಿತರೊಬ್ಬರ ಎದೆಪಟ್ಟಿಯನ್ನು ಕಟ್ಟಿಕೊಂಡು ಹೋಲಿಸಿ ನೋಡಿದಾಗ (ಅದು ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ) ನಿದ್ದೆಯ ಹೊತ್ತಿನ ಅಂಕಿಗಳು ಹತ್ತಿರಹತ್ತಿರವಿದ್ದವು. ನಡೆದಾಡುವಾಗ ಮಾತ್ರ ಎರಡಕ್ಕೂ ತಾಳವೇ ಇರಲಿಲ್ಲ. ರಾತ್ರಿಯ ಸರಾಸರಿಯನ್ನು ನನ್ನದೇ ಹಿಂದಿನ ವಾರಗಳ ಜೊತೆ ಇಟ್ಟು ನೋಡಬೇಕೇ ಹೊರತು ಬೇರೆಯವರ ಅಂಕಿಯ ಜೊತೆಗಲ್ಲ, ಏಕೆಂದರೆ ವಯಸ್ಸಿನಿಂದ ವಯಸ್ಸಿಗೆ, ಆಳಿನಿಂದ ಆಳಿಗೆ ಇದು ವಿಪರೀತ ಬದಲಾಗುತ್ತದೆ.

ಮನಸ್ಸಿನ ಲೆಕ್ಕಕ್ಕೆ ನಾನು ಕಾಗದವನ್ನೇ ನೆಚ್ಚಿದ್ದೇನೆ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡದ ಪ್ರಶ್ನಾವಳಿಯ 10 ಪ್ರಶ್ನೆಗಳ ರೂಪ, ಕಳೆದ ತಿಂಗಳು ಎಷ್ಟು ಸಲ ಪರಿಸ್ಥಿತಿ ಕೈಮೀರಿದೆ ಎನಿಸಿತು ಎಂಬಂಥದ್ದನ್ನು ನೇರವಾಗಿ ಕೇಳಿ 0ಯಿಂದ 40ರವರೆಗೆ ಅಂಕ ಕೊಡುತ್ತದೆ. ಐದು ನಿಮಿಷದ ಕೆಲಸ, ಬ್ಯಾಟರಿ ಬೇಡ. ಆಸ್ಪತ್ರೆಯ ಆ ತಿಂಗಳು ನನಗೆ 27 ಬಂದಿತ್ತು, ಅದು ಸುಳ್ಳಲ್ಲ.

ರಕ್ತನಾಳದಲ್ಲಿ ಅಡಚಣೆಯಿದೆಯೇ ಎಂಬುದನ್ನು ಈ ಪಟ್ಟಿ ಹೇಳುವುದಿಲ್ಲ. ನನ್ನ ಪಟ್ಟಿ ರಕ್ತದೊತ್ತಡವನ್ನೂ ಅಳೆಯುವುದಿಲ್ಲ, ಅದಕ್ಕೆ ತೋಳಿಗೆ ಕಟ್ಟುವ ಯಂತ್ರವೇ ಬೇಕು. ಎದೆನೋವು ಬಂದವರು ಅಂಕ ನೋಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ನಾನು ಹಗಲಿನ ಎಚ್ಚರಿಕೆಗಳನ್ನೆಲ್ಲ ಆರಿಸಿ, ಮಲಗುವಾಗ ಮಾತ್ರ ಕಟ್ಟಿಕೊಳ್ಳುತ್ತಿದ್ದೇನೆ. ಐದಕ್ಕೆ ಮೂರು ಅಂಕ, ಅದೂ ರಾತ್ರಿಪಾಳಿಗಾಗಿ.