ಮಣ್ಣಿನ ಗುಳಿ, ಎಣ್ಣೆಯ ಗುಳಿ: ವಿಯೆಟ್ನಾಂನ ಎರಡು ಬೀದಿ ತಿಂಡಿಗಳು

ವಿಯೆಟ್ನಾಂಗೆ ಹೋಗಿ ಬಂದವರು ಫೋ ಎಂಬ ನೂಡಲ್ಸ್ ಸೂಪು ಮತ್ತು ಬಾನ್ ಮೀ ಎಂಬ ಬ್ರೆಡ್ ಸ್ಯಾಂಡ್‌ವಿಚ್ ಬಗ್ಗೆ ಸಾಕಷ್ಟು ಹೇಳಿದ್ದಾರೆ, ಅದಕ್ಕೆ ನಾನು ಸೇರಿಸುವಂಥದ್ದೇನೂ ಇಲ್ಲ. ಆದರೆ ಪಡ್ಡು ತಿಂದು ಬೆಳೆದವರ ಕಣ್ಣಿಗೆ ಅಲ್ಲಿನ ಬೀದಿಯಲ್ಲಿ ಮೊದಲು ಬೀಳುವುದು ಬೇರೆಯೇ: ಗುಳಿಗುಳಿಯ ಹಂಚು, ಗುಳಿಗೊಂದು ಸೌಟು ಅಕ್ಕಿ ಹಿಟ್ಟು. ದೇಶದ ದಕ್ಷಿಣ ಭಾಗದಲ್ಲಿ ಹೀಗೆ ಮಾಡುವ ತಿಂಡಿಗಳಲ್ಲಿ ಹೆಸರಾದವು ಎರಡು, ಬಾನ್ ಕಾನ್ ಮತ್ತು ಬಾನ್ ಖೋತ್. ಫೋಟೊ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಬಾಯಿಗಿಟ್ಟ ಮೇಲೆ ಗೊಂದಲವೇ ಉಳಿಯುವುದಿಲ್ಲ. ನಾನು ಮೀನು, ಮೊಟ್ಟೆ ಎಲ್ಲ ತಿನ್ನುವವನು. ಹೆಂಡತಿ ಶುದ್ಧ ಸಸ್ಯಾಹಾರಿ. ಹಾಗಾಗಿ ಈ ಪರೀಕ್ಷೆಗೆ ನಾಲಿಗೆ ಎರಡಿದ್ದವು.

ಬಾನ್ ಕಾನ್ ಫಾನ್ ರಾಂಗ್ ಊರಿನ ತಿಂಡಿ. ನ್ಯಾ ಚಾಂಗ್‌ನಲ್ಲೂ ದಾ ಲಾತ್‌ನಲ್ಲೂ ಸಿಗುತ್ತದೆ, ಆದರೆ ಅದರ ಗತ್ತು ಇರುವುದು ಫಾನ್ ರಾಂಗ್‌ನಲ್ಲಿ. ವಿಯೆಟ್ನಾಂನಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಅದು. ದ್ರಾಕ್ಷಿ ತೋಟ, ಕುರಿ ಹಿಂಡು, ಸುಡುವ ಬಿಸಿಲು. ಒಲೆ ಇದ್ದಿಲಿನದು. ಅದರ ಮೇಲೆ ಅಗಲವಾದ ಮಣ್ಣಿನ ಹಂಚು, ಹಂಚಿನ ತೂತುಗಳಲ್ಲಿ ಕೂತ ಪುಟ್ಟ ಮಣ್ಣಿನ ಬಟ್ಟಲುಗಳು, ಪ್ರತಿ ಬಟ್ಟಲಿಗೂ ಮಣ್ಣಿನದೇ ಮುಚ್ಚಳ. ನೆನೆಸಿದ ಅಕ್ಕಿಯ ಜೊತೆ ಸ್ವಲ್ಪ ಅನ್ನ ಹಾಕಿ ರುಬ್ಬಿದ ಹಿಟ್ಟು. ಉದ್ದಿಲ್ಲ, ಹುದುಗಿಸುವುದೂ ಇಲ್ಲ. ಬಟ್ಟಲಿಗೆ ಎಣ್ಣೆ ಸವರಿದರೆ ಸವರಿದರು, ಇಲ್ಲದಿದ್ದರೆ ಅದೂ ಇಲ್ಲ. ಹಿಟ್ಟು ಹೊಯ್ದು, ಮೇಲೆ ಮೊಟ್ಟೆಯನ್ನೋ ಸಿಗಡಿಯನ್ನೋ ಬೊಂಡಾಸನ್ನೋ (ಸ್ಕ್ವಿಡ್) ಹಾಕಿ ಮುಚ್ಚಿಬಿಡುತ್ತಾರೆ. ಕಾದ ಮಣ್ಣು ತಳವನ್ನು ಸುಡುತ್ತದೆ, ಮುಚ್ಚಳದೊಳಗಿನ ಹಬೆ ಮೇಲ್ಭಾಗವನ್ನು ಬೇಯಿಸುತ್ತದೆ. ಕೆಳಗೆ ಒಣ ಹಕ್ಕಳೆ, ಮೇಲೆ ಹಬೆಯಲ್ಲಿ ಬೆಂದ ಮೆತ್ತಗಿನ ಅಕ್ಕಿ. ಎಬ್ಬಿಸಿ ತೆಗೆದು ಎರಡೆರಡನ್ನು ಮುಖಾಮುಖಿ ಜೋಡಿಸಿ, ನಡುವೆ ಈರುಳ್ಳಿ ಸೊಪ್ಪು ಬಾಡಿಸಿದ ಎಣ್ಣೆ ಸವರಿ ಕೊಡುತ್ತಾರೆ.

ಮೊದಲ ತುತ್ತಿಗೆ ಸಪ್ಪೆ ಅನ್ನಿಸುತ್ತದೆ. ನಮ್ಮ ನಾಲಿಗೆ ಹಿಟ್ಟಿನೊಳಗೇ ಹುಳಿ ಹುಡುಕುತ್ತದಲ್ಲ! ಇಲ್ಲಿ ಹುಳಿ ಬರುವುದು ಹೊರಗಿನಿಂದ, ಮಾವಿನಕಾಯಿ ತುರಿ ಮತ್ತು ಅದ್ದಿಕೊಳ್ಳುವ ರಸದಿಂದ. ಫಾನ್ ರಾಂಗ್‌ನ ಹೆಚ್ಚುಗಾರಿಕೆ ಈ ರಸಗಳಲ್ಲೇ ಇದೆ. ಸಿಹಿ, ಹುಳಿ, ಖಾರ ಕೂಡಿಸಿದ ತಿಳಿ ಮೀನಿನ ಸಾಸ್ ಒಂದು. ಸಣ್ಣ ಮೀನನ್ನು ಉಪ್ಪಿನಲ್ಲಿ ಕೊಳೆಸಿ ಮಾಡಿದ ಮಾಮ್ ನೆಮ್ ಎನ್ನುವ ಗಟ್ಟಿ ರಸ ಇನ್ನೊಂದು. ಅದರ ವಾಸನೆಗೆ ಪಕ್ಕದ ಮೇಜಿನಿಂದ ಹೆಂಡತಿ ಎದ್ದು ಹೋದಳು, ನಾನು ಎರಡನೇ ಬಟ್ಟಲು ಕೇಳಿದೆ. ಕಡಲೆಕಾಯಿ ಅರೆದ ರಸವೂ ಉಂಟು, ಮೀನು ಬೇಯಿಸಿದ ಗೊಜ್ಜಿನಂಥ ರಸವೂ ಉಂಟು. ಜನ ಒಂದಕ್ಕೊಂದು ಬೆರೆಸಿಕೊಂಡು ತಿನ್ನುತ್ತಾರೆ. ಎಣ್ಣೆ ಕುಡಿಯದ ಅಕ್ಕಿ ರಸವನ್ನು ಚೆನ್ನಾಗಿ ಹೀರುತ್ತದೆ, ಅಷ್ಟೇ ಇದರ ಗುಟ್ಟು.

ಈ ತಿಂಡಿ ಹಿಂದೆ ಈ ಕರಾವಳಿಯನ್ನು ಆಳಿದ ಚಾಮ್ ಜನರಿಂದ ಬಂದದ್ದು ಎನ್ನುವುದು ಅಲ್ಲಿನವರ ಮಾತು. ಬಟ್ಟಲುಗಳಂತೂ ಅವರ ಕೈಕೆಲಸವೇ. ಊರ ಹತ್ತಿರದ ಬಾವ್ ಚುಕ್ ಹಳ್ಳಿಯಲ್ಲಿ ಚಾಮ್ ಹೆಂಗಸರು ತಿಗರಿಯಿಲ್ಲದೆ, ಮಡಕೆಯನ್ನು ನಿಲ್ಲಿಸಿ ತಾವೇ ಅದರ ಸುತ್ತ ಸುತ್ತುತ್ತಾ ಮಣ್ಣು ಮೆತ್ತುತ್ತಾರೆ. ಬಯಲಲ್ಲೇ ಹುಲ್ಲು ಕಟ್ಟಿಗೆ ಒಟ್ಟಿ ಸುಡುತ್ತಾರೆ. 2022ರಲ್ಲಿ ಯುನೆಸ್ಕೊ ಚಾಮರ ಈ ಕುಂಬಾರಿಕೆಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಊರಾಚೆಯ ಗುಡ್ಡದ ಮೇಲೆ ಪೊ ಕ್ಲೊಂಗ್ ಗರಾಯ್ ಎಂಬ ಚಾಮರ ಇಟ್ಟಿಗೆಯ ಗುಡಿ. ಒಳಗೆ ಶಿವನ ಮುಖಲಿಂಗ, ನಂದಿಯೂ ಇದೆ. ಶಿವ, ನಂದಿ, ಗುಳಿ ಹಂಚು ಮೂರನ್ನೂ ಗಂಟು ಹಾಕಿ ‘ಪಡ್ಡು ನಮ್ಮಲ್ಲಿಂದಲೇ ಹೋದದ್ದು’ ಎಂದು ವಾಟ್ಸಾಪ್‌ಗೆ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಬೇಡ. ಗುಳಿ ಹಂಚು ಥಾಯ್ಲೆಂಡಿನಲ್ಲಿದೆ, ಜಪಾನಿನಲ್ಲಿದೆ, ಡೆನ್ಮಾರ್ಕಿನಲ್ಲೂ ಇದೆ.

ದಾ ಲಾತ್‌ನ ಬಾನ್ ಕಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು 1,500 ಮೀಟರ್ ಎತ್ತರದ ಚಳಿ ಊರು, ಒಲೆಯ ಮುಂದೆ ಕೂರುವುದೇ ಅರ್ಧ ಸುಖ. ಅಲ್ಲಿ ಅದ್ದಿಕೊಳ್ಳುವ ಬಟ್ಟಲಿನಲ್ಲಿ ಹಂದಿ ಮಾಂಸದ ಉಂಡೆಗಳು ತೇಲುತ್ತಿರುತ್ತವೆ. ರುಚಿಯೇನೋ ಇದೆ, ಆದರೆ ನಾಲಿಗೆಯಲ್ಲಿ ಉಳಿಯುವುದು ಉಂಡೆ, ಅಕ್ಕಿ ಮರೆತುಹೋಗುತ್ತದೆ.

ಇನ್ನು ವುಂಗ್ ತಾವ್‌ನ ಬಾನ್ ಖೋತ್. ಕಡಲತೀರದ ಈ ಊರು 2025ರ ಜುಲೈನಿಂದ ಹೋ ಚಿ ಮಿನ್ ನಗರದ ಆಡಳಿತಕ್ಕೆ ಸೇರಿದೆ. ಮೀನುಗಾರಿಕೆಗೂ ಸಮುದ್ರದಡಿಯ ಕಚ್ಚಾ ತೈಲಕ್ಕೂ ಹೆಸರಾದ ಊರು, ತಿಂಡಿಯಲ್ಲೂ ಎಣ್ಣೆಗೆ ಬರವಿಲ್ಲ. ಇಲ್ಲಿ ಹಂಚು ಲೋಹದ್ದು. ಗುಳಿಯಲ್ಲಿ ಎಣ್ಣೆ ಕಾದು ನಿಂತಿರುತ್ತದೆ; ತೆಂಗಿನ ಹಾಲು, ಅರಿಶಿನ ಸೇರಿದ ತೆಳು ಹಿಟ್ಟು ಅದಕ್ಕೆ ಬಿದ್ದಾಗ ಅಂಚು ಚುರುಗುಟ್ಟಿ ಮೇಲೇಳುತ್ತದೆ. ನಡುವೆ ಒಂದು ಸಿಗಡಿ, ಮೇಲೆ ಒಣಸಿಗಡಿಯ ಕಿತ್ತಳೆ ಬಣ್ಣದ ಪುಡಿ. ಅಂಚು ಗರಿಗರಿ, ಹೊಟ್ಟೆ ಕೆನೆಯಷ್ಟು ಮೃದು. ಆದರೆ ಈ ಗರಿ ಹೆಚ್ಚು ಹೊತ್ತು ಇರುವುದಿಲ್ಲ. ತಟ್ಟೆ ಬಂದ ತಕ್ಷಣ ಫೋಟೊ ತೆಗೆಯುತ್ತಾ ಕೂತರೆ ಜಿಡ್ಡಿನ ಮುದ್ದೆ ತಿನ್ನಬೇಕಾಗುತ್ತದೆ.

ಖೋತ್ ಅನ್ನು ಹಾಗೇ ತಿನ್ನುವ ಹಾಗಿಲ್ಲ. ಜೊತೆಗೆ ಒಂದು ಬುಟ್ಟಿ ಸೊಪ್ಪು ಬರುತ್ತದೆ: ಅಗಲದ ಸಾಸಿವೆ ಸೊಪ್ಪು, ಲೆಟಿಸ್, ಪುದೀನ, ನೇರಳೆ ಬಣ್ಣದ ಪೆರಿಲ್ಲಾ. ಎಲೆಯಲ್ಲಿ ತಿಂಡಿಯಿಟ್ಟು ಸುತ್ತಿ, ಪರಂಗಿಕಾಯಿ ತುರಿ ಹಾಕಿದ ರಸದಲ್ಲಿ ಅದ್ದಿ ಬಾಯಿಗೆ. ಸಾಸಿವೆ ಸೊಪ್ಪಿನ ಖಾರ ಮೂಗಿಗೆ ಏರಿದಾಗ ಎಣ್ಣೆಯ ಭಾರ ಇಳಿಯುತ್ತದೆ. ಬುಟ್ಟಿಯಲ್ಲಿ ಹೃದಯದಾಕಾರದ ಇನ್ನೊಂದು ಎಲೆ ಇರಬಹುದು, ಹೆಸರು ಯೆಪ್ ಕಾ. ಹಸಿ ಮೀನಿನದೇ ವಾಸನೆ. ಸೊಪ್ಪೇ ಮೀನಿನ ಹಾಗೆ ನಾರಿದರೆ ಸಸ್ಯಾಹಾರಿಗಳು ಯಾರನ್ನು ನಂಬಬೇಕು ಎಂದು ಹೆಂಡತಿ ಕೇಳಿದ್ದು ನ್ಯಾಯವೇ.

ಸಸ್ಯಾಹಾರಿಗಳಿಗೆ ಉಪಯೋಗದ ಮಾತೊಂದು. ಅಲ್ಲಿ ಸಸ್ಯಾಹಾರಕ್ಕೆ ಚಾಯ್ ಎನ್ನುತ್ತಾರೆ. ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ, ಆ ದಿನಗಳಲ್ಲಿ ಬೀದಿಯಲ್ಲೂ ಚಾಯ್ ತಿಂಡಿ ಹೆಚ್ಚು ಕಾಣುತ್ತದೆ. ಕಟ್ಟುನಿಟ್ಟಿನ ಚಾಯ್ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ; ನಮ್ಮ ಕಡೆಯ ಮಡಿವಂತರಿಗೆ ಇದು ಸಿಹಿ ಸುದ್ದಿ. ಚಾಯ್ ಅಂಗಡಿಯ ಖೋತ್‌ನಲ್ಲಿ ಸಿಗಡಿಯ ಜಾಗಕ್ಕೆ ಅಣಬೆ, ಹೆಸರುಬೇಳೆ ಬರುತ್ತದೆ. ಮೀನಿನ ಸಾಸ್ ಬದಲು ಸೋಯಾ ರಸ. ತೆಂಗಿನ ಹಾಲು ಮತ್ತು ಸೊಪ್ಪು ಎರಡೇ ಅರ್ಧ ಕೆಲಸ ಮುಗಿಸುವುದರಿಂದ ಏನೋ ಕಳೆದುಕೊಂಡೆ ಅನ್ನಿಸುವುದಿಲ್ಲ. ಬಾನ್ ಕಾನ್‌ನಿಂದ ಮೀನಿನ ರಸ ತೆಗೆದರೆ ಮಾತ್ರ ಉಳಿಯುವುದು ಬರೀ ಅಕ್ಕಿ.

ಹೋ ಚಿ ಮಿನ್ ನಗರದಲ್ಲಿ ಇಳಿದವರಿಗೆ ವುಂಗ್ ತಾವ್ ಹತ್ತಿರ, ಸುಮಾರು 100 ಕಿಲೋಮೀಟರ್, ಸ್ಪೀಡ್ ಬೋಟೂ ಇದೆ. ಫಾನ್ ರಾಂಗ್‌ಗೆ ರೈಲು ಹಿಡಿದು ಥಾಪ್ ಚಾಮ್ ನಿಲ್ದಾಣದಲ್ಲಿ ಇಳಿಯಬೇಕು. ಅಷ್ಟು ದೂರ ಹೋಗಿ ಬರೀ ಅಕ್ಕಿ ತಿನ್ನುವುದೇ ಎಂದು ಹೆಂಡತಿ ಈಗಲೂ ಖೋತ್ ಪರ ನಿಲ್ಲುತ್ತಾಳೆ. ನಾನು ಮೀನು ಬಿಡುವವರೆಗೂ ಬಾನ್ ಕಾನ್ ಕಡೆಯವನೇ.