ಫೌಂಟನ್‌ನಲ್ಲಿ ಚಿತ್ರಕಥೆ: ವರ್ಷಗಟ್ಟಲೆ ಬಳಸಿದೋನ ಮಾತು, ಕನ್ನಡಕ್ಕೆ ಎಷ್ಟು ಆಗುತ್ತೆ

ನಾನು ಡೊಂಬಿವಲಿಯಲ್ಲಿರೋನು, ಹಗಲು ಬೇರೆ ಕೆಲಸ, ಉಳಿದ ಟೈಮಲ್ಲಿ ಅಂಧೇರಿ ಕಡೆಯ ಪ್ರೊಡಕ್ಷನ್ ಹೌಸ್‌ಗಳಿಗೆ ಹಿಂದಿ ಸ್ಕ್ರಿಪ್ಟು, ಬೆಂಗಳೂರಿಗೆ ಕನ್ನಡ ಸ್ಕ್ರಿಪ್ಟು ಬರೀತೀನಿ. ಮಾಟುಂಗಾದಲ್ಲಿ ನಾಟಕಕ್ಕೆ ಹೋದಾಗ ಸಿಗೋ ಗೆಳೆಯರು "ನೀನು ಯಾವ ಸಾಫ್ಟ್‌ವೇರಲ್ಲಿ ಬರೆಯೋದು ಮಾರಾಯ" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಒಂದ್ಸಲ ಸರಿಯಾಗಿ ಬರೆದುಬಿಡೋಣ ಅಂತ ಕೂತೆ.

ನಾನು ಬಳಸೋದು ಫೌಂಟನ್. ಸ್ಕ್ರಿಪ್ಟನ್ನ ಸಾದಾ ಟೆಕ್ಸ್ಟ್ ಫೈಲಲ್ಲಿ ಬರೆಯೋ ಒಂದು ಪದ್ಧತಿ ಇದು, ಹಾಲಿವುಡ್ ಚಿತ್ರಕಥೆಗಾರ ಜಾನ್ ಆಗಸ್ಟ್, ಫಿಲ್ಮ್‌ಮೇಕರ್ ಸ್ಟು ಮ್ಯಾಶ್ವಿಟ್ಜ್ ಮತ್ತೆ ಇನ್ನೂ ಕೆಲವರು ಸೇರಿ 2012ರಲ್ಲಿ ಹೊರಗೆ ತಂದ್ರು. ಮೊಬೈಲಿನ ಯಾವ ನೋಟ್ಸ್ ಆ್ಯಪಲ್ಲಾದ್ರೂ ಬರೀಬಹುದು, ಆಮೇಲೆ ಫೌಂಟನ್ ಗೊತ್ತಿರೋ ಆ್ಯಪಿಗೆ ಕೊಟ್ರೆ ಸೀನ್ ಹೆಡಿಂಗ್ (ದೃಶ್ಯದ ಜಾಗ, ಹೊತ್ತು ಹೇಳೋ ಸಾಲು) ಯಾವುದು, ಪಾತ್ರದ ಹೆಸರು ಯಾವುದು, ಡೈಲಾಗ್ ಯಾವುದು ಅಂತ ಅದೇ ಗುರುತಿಸಿ ಮಾರ್ಜಿನ್ ಕೂರಿಸಿಕೊಡುತ್ತೆ. ಪದ್ಧತಿಗೆ ದುಡ್ಡಿಲ್ಲ. ಮ್ಯಾಕ್ ಇದ್ರೆ ಬೀಟ್ ಅನ್ನೋ ಫ್ರೀ ಆ್ಯಪ್ ಇದೆ, ವಿಂಡೋಸ್‌ನೋರು ವಿಎಸ್ ಕೋಡ್ ಎಡಿಟರಿಗೆ ಬೆಟರ್ ಫೌಂಟನ್ ಅನ್ನೋ ಎಕ್ಸ್‌ಟೆನ್ಷನ್ ಹಾಕ್ಕೊಂಡ್ರೆ ಸಾಕು.

ಹಿಂದಿ ಸ್ಕ್ರಿಪ್ಟಿಗಂತೂ ಕಣ್ಮುಚ್ಚಿ ತಗೊಳ್ಳಿ. ಮುಂಬೈಯಲ್ಲಿ ಹೆಚ್ಚಾಗಿ ಆ್ಯಕ್ಷನ್ (ಅಂದ್ರೆ ಸೀನಲ್ಲಿ ಏನು ನಡೆಯುತ್ತೆ ಅನ್ನೋ ವಿವರಣೆ) ಇಂಗ್ಲಿಷಲ್ಲಿ, ಡೈಲಾಗ್ ಹಿಂದಿಯಲ್ಲಿ, ಆದ್ರೆ ಅದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯೋದು ರೂಢಿ. ಹಂಗಾಗಿ ಪಾತ್ರದ ಹೆಸರು ಕ್ಯಾಪಿಟಲ್ ಅಕ್ಷರದಲ್ಲಿ ಹೊಡೆದ್ರೆ ಫೌಂಟನ್ ತಾನೇ ಹಿಡ್ಕೊಳ್ಳುತ್ತೆ, ಲೋಕಲ್ ಟ್ರೇನಲ್ಲಿ ಒಂದೇ ಕೈಲಿ ಬರೆದ ಸೀನೂ ಮನೆಗೆ ಬಂದು ನೋಡಿದ್ರೆ ಫಾರ್ಮ್ಯಾಟಲ್ಲೇ ಇರುತ್ತೆ. 12 ಪಾಯಿಂಟ್ ಕೊರಿಯರ್ ಫಾಂಟ್, ಎಡಗಡೆ ಒಂದೂವರೆ ಇಂಚು ಮಾರ್ಜಿನ್, ಇದ್ಯಾವುದನ್ನೂ ತಲೆಗೆ ಹಚ್ಚಿಕೊಳ್ಳೋದು ಬೇಡ. ಪೇಪರ್ ಸೈಜ್ ಮಾತ್ರ ಎ4 ಇದೆಯಾ ನೋಡ್ಕೊಳ್ಳಿ, ಎಷ್ಟೋ ಟೂಲ್‌ಗಳು ಅಮೆರಿಕದ ಲೆಟರ್ ಸೈಜನ್ನೇ ಇಟ್ಕೊಂಡಿರ್ತಾವೆ.

ಕನ್ನಡಕ್ಕೆ ಬಂದಾಗ ವಿಷಯ ಬೇರೆ. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್, ಸ್ಮಾಲ್ ಅಂತ ಇಲ್ವಲ್ಲ, ಪಾತ್ರದ ಹೆಸರು ಯಾವುದು ಅಂತ ಫೌಂಟನ್‌ಗೆ ಗೊತ್ತಾಗೋದೇ ಇಲ್ಲ, ಡೈಲಾಗೆಲ್ಲ ಆ್ಯಕ್ಷನ್ ಥರ ಎಡಕ್ಕೆ ಅಂಟಿಕೊಂಡು ಕೂರುತ್ತೆ. ಇದಕ್ಕೆ ದಾರಿ ಫೌಂಟನ್‌ನಲ್ಲೇ ಇದೆ, ಸೀನ್ ಹೆಡಿಂಗಿಗೆ ಮುಂದೆ ಒಂದು ಚುಕ್ಕಿ, ಪಾತ್ರಕ್ಕೆ ಮುಂದೆ ಒಂದು @ ಹಾಕ್ಬೇಕು:

.ಒಳಾಂಗಣ. ಚಾಳಿನ ಅಡುಗೆಮನೆ - ರಾತ್ರಿ

ಸುಶೀಲಾ ಸ್ಟವ್ ಆರಿಸಿ ಬಾಗಿಲ ಕಡೆ ನೋಡ್ತಾಳೆ.

@ಸುಶೀಲಾ
ಊಟ ಬಡಿಸ್ಲಾ, ಇಲ್ಲ ಅದೂ ಆಫೀಸಲ್ಲೇ ಆಯ್ತಾ?

ಇಷ್ಟೇ. ಹೆಡಿಂಗಿನ ಹಿಂದೆ ಮುಂದೆ ಒಂದೊಂದು ಸಾಲು ಖಾಲಿ ಬಿಡ್ಬೇಕು, ಪಾತ್ರದ ಹೆಸರಿಗೂ ಡೈಲಾಗಿಗೂ ಮಧ್ಯೆ ಬಿಡಬಾರದು. ಆಮೇಲೆ ಬೆರಳಿಗೇ ಅಭ್ಯಾಸ ಆಗಿಬಿಡುತ್ತೆ.

ನಿಜವಾದ ತಲೆನೋವು ಪಿಡಿಎಫ್ ಮಾಡೋವಾಗ. ಒಂದು ಫ್ರೀ ಟೂಲಲ್ಲಿ ನನ್ನ ಕನ್ನಡ ಡ್ರಾಫ್ಟ್ ಕೊಟ್ರೆ ಮೊದಲು ಬರೀ ಚೌಕ ಚೌಕ ಬಂತು, ಕೊರಿಯರ್ ಫಾಂಟಲ್ಲಿ ಕನ್ನಡ ಅಕ್ಷರಗಳೇ ಇಲ್ಲ ನೋಡಿ, ಸರಿ ಅಂತ ಕನ್ನಡ ಫಾಂಟ್ ಕೊಟ್ರೆ ಒತ್ತಕ್ಷರ ಎಲ್ಲ ಕಳಚಿ ಪಕ್ಕಕ್ಕೆ ಬಂದು "ಮಧ್ಯಾಹ್ನ" ಅನ್ನೋದು ಓದೋಕೇ ಆಗದ ಹಾಗಾಯ್ತು. ಇಂಥಾ ಪಿಡಿಎಫ್ ಕಳಿಸಿದ್ರೆ ಓದೋರು ಎರಡನೇ ಪೇಜಿಗೆ ಹೋಗಲ್ಲ, ಅವರನ್ನ ಬೈಯೋಕೂ ಆಗಲ್ಲ. ಈಗ ನಾನು ಎಚ್‌ಟಿಎಂಎಲ್ (ವೆಬ್ ಪೇಜ್ ಥರದ ಫೈಲ್) ಮಾಡಿ ಬ್ರೌಸರಲ್ಲಿ ತೆಗೆದು, ನೋಟೋ ಸೆರಿಫ್ ಕನ್ನಡ ಫಾಂಟ್ ಇಟ್ಟು ಅಲ್ಲಿಂದ್ಲೇ ಪಿಡಿಎಫ್ ಮಾಡ್ತೀನಿ, ಒತ್ತು ಸರಿಯಾಗಿ ಕೂರುತ್ತೆ. ಕಳಿಸೋ ಮುಂಚೆ ಬೇರೆಯವರ ಮೊಬೈಲಲ್ಲೂ ಒಮ್ಮೆ ತೆಗೆದು ನೋಡೋದು ಒಳ್ಳೇದು. ನುಡಿ, ಬರಹದ ಹಳೇ ಫಾಂಟಲ್ಲಿ ಬರೆದಿಟ್ಟ ಸೀನ್ ಇದ್ರೆ ಮೊದಲು ಯುನಿಕೋಡಿಗೆ ಬದಲಾಯಿಸ್ಕೊಳ್ಳಿ, ಫೈಲ್ ಸೇವ್ ಮಾಡೋವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸಿ.

ಇನ್ನೊಂದು ವಿಷಯ, ಸ್ಕ್ರಿಪ್ಟಿನ ಒಂದು ಪೇಜಿಗೆ ಸಿನಿಮಾದಲ್ಲಿ ಒಂದು ನಿಮಿಷ ಅನ್ನೋ ಲೆಕ್ಕ. ಅದು 12 ಪಾಯಿಂಟ್ ಕೊರಿಯರನ್ನ ನಂಬಿಕೊಂಡಿರೋ ಲೆಕ್ಕ, ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ, ಇಂಚಿಗೆ 10 ಅಕ್ಷರ. ಕನ್ನಡ ಫಾಂಟಲ್ಲಿ ಅಗಲ ಒಂದೇ ಥರ ಇರಲ್ಲ, ಒತ್ತಕ್ಷರಕ್ಕೆ ಸಾಲಿನ ಎತ್ತರನೂ ಜಾಸ್ತಿ ಬೇಕು, ಹಂಗಾಗಿ ಪೇಜ್ ನಂಬರ್ ನೋಡಿ ಸಿನಿಮಾ ಎರಡು ಗಂಟೆ ಅಂತ ಯಾರಿಗೂ ಹೇಳ್ಬೇಡಿ. ಗಟ್ಟಿಯಾಗಿ ಓದಿ, ಮೊಬೈಲಲ್ಲಿ ಟೈಮ್ ಇಟ್ಟು ನೋಡೋದೇ ಸರಿ. ಹೆಂಗೂ ನಿರ್ಮಾಪಕರಿಗೆ ನರೇಷನ್ (ಕಥೆ ಓದಿ ಹೇಳೋದು) ಕೊಡೋಕೆ ಓದಿಯೇ ಓದ್ಬೇಕಲ್ಲ.

ನಂಗೆ ಫೌಂಟನ್ ಬಿಡೋಕಾಗದೇ ಇರೋದು ಎರಡು ಕಾರಣಕ್ಕೆ. ಕಿತ್ತುಹಾಕಿದ ಸೀನನ್ನ /* */ ಮಧ್ಯೆ ಹಾಕಿದ್ರೆ ಫೈಲಲ್ಲೇ ಉಳಿಯುತ್ತೆ, ಪ್ರಿಂಟಲ್ಲಿ ಬರಲ್ಲ, ಬೇಕಾದಾಗ ಮತ್ತೆ ಎಬ್ಬಿಸಬಹುದು. ಎರಡನೇದು, ಹಳೇ ಡ್ರಾಫ್ಟ್ ಯಾವ ಕಂಪ್ಯೂಟರಲ್ಲಾದ್ರೂ ತೆಗೆಯುತ್ತೆ, ಲೈಸೆನ್ಸ್ ಮುಗೀತು ಅಂತ ನನ್ನ ಬರಹಕ್ಕೆ ಯಾರೂ ಬೀಗ ಹಾಕೋಕಾಗಲ್ಲ. ಬರೆಯೋರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ ಅಂತ ನಾನು ಮನಸಾರೆ ನಂಬಿದೀನಿ. ಆದ್ರೆ [[ ]] ಒಳಗೆ ಬರೆದ ನೋಟ್ಸ್ ಪ್ರಿಂಟ್ ಆಗೋದು ಬಿಡೋದು ಕೆಲವು ಆ್ಯಪಲ್ಲಿ ಸೆಟ್ಟಿಂಗ್ ಮೇಲಿರುತ್ತೆ, ಸಬ್ಮಿಷನ್ ಕಾಪಿಯಲ್ಲಿ "ಈ ಸೀನ್ ವೀಕ್" ಅಂತ ನಿಮ್ಮ ನೋಟ್ ಹೋಗಬಾರದು ತಾನೇ, ಚೆಕ್ ಮಾಡಿ.

ಫೌಂಟನ್ ಮಾಡದ ಕೆಲಸಗಳೂ ಇದಾವೆ. ಎಡಗಡೆ ದೃಶ್ಯ, ಬಲಗಡೆ ಸಂಭಾಷಣೆ ಅನ್ನೋ ನಮ್ಮ ಹಳೇ ಎರಡು ಕಾಲಂ ಪದ್ಧತಿಯಲ್ಲೇ ಬೇಕು ಅನ್ನೋ ಡೈರೆಕ್ಟರಿಗೆ ಇದು ಆಗಲ್ಲ. ಇಂಡೆಕ್ಸ್ ಕಾರ್ಡ್ ಹರಡಿಕೊಂಡು ಕಥೆ ಜೋಡಿಸೋರು, ಈ @ ಚುಕ್ಕಿ ರಗಳೆ ಬೇಡ ಅನ್ನೋರು, ಬೆಂಗಳೂರಿನೋರೇ ಮಾಡಿರೋ ಸ್ಕ್ರೈಟ್ ಅನ್ನೋ ಆ್ಯಪ್ ನೋಡಿ, ಅದರಲ್ಲಿ ಕನ್ನಡ ನೇರವಾಗಿ ಬರೀಬಹುದು.

ಟೈಟಲ್ ಪೇಜಲ್ಲಿ ಹೆಸರು, ಡ್ರಾಫ್ಟ್ ತಾರೀಖು, ಫೋನ್ ನಂಬರ್ ಸಾಕು, ಫೋಟೋ ಬಣ್ಣ ಏನೂ ಬೇಡ. ಕಳಿಸೋ ಮುಂಚೆ ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಮೆಂಬರ್ ಆಗಿ ಸ್ಕ್ರಿಪ್ಟ್ ರಿಜಿಸ್ಟರ್ ಮಾಡಿಸಿಬಿಡಿ, ಆನ್‌ಲೈನಲ್ಲೇ ಆಗುತ್ತೆ. ಬರೀ ಐಡಿಯಾಗೆ ಕಾಪಿರೈಟ್ ಸಿಗಲ್ಲ, ಬರೆದಿಟ್ಟ ರೂಪಕ್ಕೆ ಮಾತ್ರ, ಅದಕ್ಕೇ ಎರಡು ಸಾಲಿನ ಎಳೆ ಹಿಡ್ಕೊಂಡು ಮೀಟಿಂಗಿಗೆ ಓಡ್ಬೇಡಿ, ಪೂರ್ತಿ ಬರೆದು ರಿಜಿಸ್ಟರ್ ಮಾಡಿಸಿ ಆಮೇಲೆ ಹೋಗಿ.

ಹಿಂದಿಗೆ ಐದಕ್ಕೆ ಐದು. ಕನ್ನಡಕ್ಕೆ ಮೂರೂವರೆ, ಕಮ್ಮಿ ಆಗಿರೋದು ಪೂರ್ತಿ ಆ ಪಿಡಿಎಫ್‌ಗೆ. ಒತ್ತಕ್ಷರ ಒಡೆಯದ ಹಾಗೆ ಫೌಂಟನ್‌ನಿಂದ ನೇರವಾಗಿ ಕನ್ನಡ ಪಿಡಿಎಫ್ ಕೊಡೋ ವಿಂಡೋಸ್ ಆ್ಯಪ್ ಯಾರಾದ್ರೂ ಬಳಸ್ತಿದ್ರೆ ದಯವಿಟ್ಟು ಹೇಳಿ.